ಹೊಸ ವೈಡ್ ಆ್ಯಂಗಲ್ ಝೂಮ್: ದೋಷ ಲೆನ್ಸಿನದೋ, ನಿಂತ ಜಾಗದ್ದೋ?

ಪ್ರಶ್ನೆ: ಎಪಿಎಸ್-ಸಿ (ಮಧ್ಯಮ ಅಳತೆಯ) ಸೆನ್ಸರಿನ ಮಿರರ್‌ಲೆಸ್ ಕ್ಯಾಮೆರಾಗೆ ಹೊಸದಾಗಿ 10-18 ಎಂಎಂ (ಅಂಕಿ ಚಿಕ್ಕದಾದಷ್ಟು ನೋಟ ಅಗಲ) ಪುಟ್ಟ ಝೂಮ್ ಲೆನ್ಸ್ ತೆಗೆದುಕೊಂಡಿದ್ದೇನೆ. ಹಗುರವಾಗಿದೆ, ಚೀಲದಲ್ಲಿ ಇದ್ದದ್ದೇ ಗೊತ್ತಾಗುವುದಿಲ್ಲ. ಆದರೆ ಚಿತ್ರದ ಎಡ ಅಂಚು ಮಸುಕಾಗಿರುತ್ತದೆ. ಗುಂಪಿನ ಫೋಟೊದಲ್ಲಿ ತುದಿಗೆ ನಿಂತವರ ಮುಖ ಊದಿಕೊಂಡಂತೆ ಬರುತ್ತದೆ. ರಾ ಫೈಲನ್ನು (ಕ್ಯಾಮೆರಾ ತಿದ್ದದ ಮೂಲ ಚಿತ್ರವನ್ನು) ಬೇರೆ ಸಾಫ್ಟ್‌ವೇರಿನಲ್ಲಿ ತೆರೆದರೆ ಮೂಲೆಗಳು ಕಪ್ಪಾಗಿ, ನೇರ ಗೆರೆಗಳು ಬಾಗಿರುತ್ತವೆ. ಲೆನ್ಸ್ ವಾಪಸ್ ಮಾಡಬೇಕೆ?

ಉತ್ತರ: ಈ ಮೂರರಲ್ಲಿ ವಾಪಸ್ ಮಾಡಲು ಕಾರಣವಾಗಬಲ್ಲದ್ದು ಎಡ ಅಂಚಿನ ಮಸುಕು ಒಂದೇ. ವಾಪಸಾತಿಯ ಅವಧಿ ಮುಗಿಯುವ ಮೊದಲು ಅದನ್ನು ಪರೀಕ್ಷಿಸಿ. ಉಳಿದ ಎರಡು ಈ ಬಗೆಯ ಎಲ್ಲ ಲೆನ್ಸುಗಳಲ್ಲೂ ಇರುತ್ತವೆ.

ಪರೀಕ್ಷೆಗೆ ಇಟ್ಟಿಗೆ ಗೋಡೆಯ ಮುಂದೆ ನಿಲ್ಲಬೇಡಿ. ಕ್ಯಾಮೆರಾ ಗೋಡೆಗೆ ಸ್ವಲ್ಪ ಓರೆಯಾದರೂ ಒಂದು ಬದಿ ಫೋಕಸ್ ತಪ್ಪುತ್ತದೆ, ಆಗ ಒಳ್ಳೆಯ ಲೆನ್ಸಿನ ಮೇಲೂ ಅನುಮಾನ ಬರುತ್ತದೆ. ಕನಿಷ್ಠ 50 ಮೀಟರ್ ದೂರದ, ಸೂಕ್ಷ್ಮ ವಿವರವಿರುವ ಒಂದು ವಸ್ತುವನ್ನು ಆರಿಸಿಕೊಳ್ಳಿ. ಕಿಟಕಿಯ ಸರಳು, ಆಂಟೆನಾ, ಫಲಕದ ಅಕ್ಷರ, ಯಾವುದಾದರೂ ಸರಿ. ಅಷ್ಟು ದೂರದಲ್ಲಿ 10 ಎಂಎಂ ಲೆನ್ಸಿಗೆ ಎಲ್ಲವೂ ಇನ್ಫಿನಿಟಿಯೇ (ಅನಂತ ದೂರವೇ), ಹಾಗಾಗಿ ಓರೆಯ ಪ್ರಶ್ನೆ ಏಳುವುದಿಲ್ಲ. ಕ್ಯಾಮೆರಾವನ್ನು ಟ್ರೈಪಾಡಿನ ಮೇಲೆ ಕೂರಿಸಿ, ಸ್ಟೆಬಿಲೈಸೇಶನ್ (ಕೈನಡುಕ ತಡೆಯುವ ವ್ಯವಸ್ಥೆ) ಆಫ್ ಮಾಡಿ, ಅತಿ ಕಡಿಮೆ ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸ್ಪಂದನೆಯ ಅಂಕಿ), 2 ಸೆಕೆಂಡ್ ಟೈಮರ್, ಅಪರ್ಚರ್ (ಬೆಳಕು ಒಳಬರುವ ರಂಧ್ರ) ಪೂರ್ತಿ ತೆರೆದಿರಲಿ. ವಸ್ತುವನ್ನು ಫ್ರೇಮಿನ ನಡುವೆ ಇಟ್ಟು ಆಟೋಫೋಕಸ್ ಮಾಡಿ, ಮ್ಯಾನುವಲ್‌ಗೆ ಬದಲಿಸಿ, ಮತ್ತೆ ರಿಂಗ್ ಮುಟ್ಟಬೇಡಿ. ಈಗ ಅದೇ ವಸ್ತು ನಾಲ್ಕು ಮೂಲೆಗಳಿಗೂ ಒಂದೊಂದು ಸಲ ಬರುವಂತೆ ಕ್ಯಾಮೆರಾ ತಿರುಗಿಸುತ್ತ ನಾಲ್ಕು ಫೋಟೊ ತೆಗೆಯಿರಿ. 10, 14, 18 ಎಂಎಂ ಮೂರರಲ್ಲೂ ಇದನ್ನು ಮಾಡಿ, ಆಮೇಲೆ ಎಫ್/8ರಲ್ಲಿ (ಈ ಅಂಕಿ ದೊಡ್ಡದಾದಷ್ಟು ಅಪರ್ಚರ್ ಕಿರಿದು) ಇನ್ನೊಂದು ಸುತ್ತು. ಝೂಮ್ ಬದಲಿಸಿದಾಗ ಫೋಕಸ್ ಹೊಸದಾಗಿ ಮಾಡಿಕೊಳ್ಳಬೇಕು.

ಚಿತ್ರಗಳನ್ನು 100% ಹಿಗ್ಗಿಸಿ ಪಕ್ಕಪಕ್ಕ ಇಟ್ಟು ನೋಡಿ. ನಾಲ್ಕೂ ಮೂಲೆ ಒಂದೇ ಸಮ ಮೃದುವಾಗಿದ್ದರೆ ಅದು ಲೆನ್ಸಿನ ವಿನ್ಯಾಸದ ಮಿತಿ, ಇದೇ ಮಾದರಿಯ ಬೇರೆ ಲೆನ್ಸ್ ತಂದರೂ ಹಾಗೇ ಇರುತ್ತದೆ. ಒಂದು ಮೂಲೆ ಅಥವಾ ಒಂದು ಬದಿ ಮಾತ್ರ ಕೆಟ್ಟಿದ್ದರೆ ಒಳಗಿನ ಯಾವುದೋ ಗಾಜು ಅಕ್ಷ ತಪ್ಪಿ ಕೂತಿದೆ ಅಥವಾ ವಾಲಿದೆ. ಮಡಚಿಕೊಳ್ಳುವ ಪುಟ್ಟ ಝೂಮ್‌ಗಳಲ್ಲಿ ಚಲಿಸುವ ಭಾಗ ಜಾಸ್ತಿ, ಆದ್ದರಿಂದ ಅಲ್ಪಸ್ವಲ್ಪ ವ್ಯತ್ಯಾಸವನ್ನು ಒಪ್ಪಿಕೊಳ್ಳಲೇಬೇಕು. ನಮ್ಮ ಅಳತೆ ಇಷ್ಟು: ಪೂರ್ತಿ ತೆರೆದ ಅಪರ್ಚರಿನಲ್ಲಿ ಕಂಡ ಒಂದು ಬದಿಯ ಮಸುಕು ಎಫ್/8ರಲ್ಲಿ ಮಾಯವಾದರೆ ಇಟ್ಟುಕೊಳ್ಳಿ. ಎಫ್/8ರಲ್ಲೂ, ಚಿತ್ರವನ್ನು ಪರದೆಯ ಅಳತೆಗೆ ಇಳಿಸಿ ನೋಡಿದಾಗಲೂ ಕಣ್ಣಿಗೆ ಹೊಡೆದರೆ ಯೋಚಿಸದೆ ವಾಪಸ್ ಮಾಡಿ.

ಊದಿದ ಮುಖಗಳ ವಿಷಯ ಬೇರೆ. ನೇರ ಗೆರೆಯನ್ನು ನೇರವಾಗಿಯೇ ತೋರಿಸುವ ಯಾವ ಲೆನ್ಸ್ ಆದರೂ ಅಂಚಿನಲ್ಲಿರುವ ದುಂಡು ವಸ್ತುವನ್ನು ಹೊರಕ್ಕೆ ಎಳೆಯುತ್ತದೆ. 10 ಎಂಎಂನಲ್ಲಿ ಅಡ್ಡ ನೋಟ ಸುಮಾರು 99 ಡಿಗ್ರಿ. ಅದರ ಎಡ ಅಥವಾ ಬಲ ತುದಿಯಲ್ಲಿ ಒಂದು ಚೆಂಡು ಇದ್ದರೆ ಅದರ ಅಗಲ ಎತ್ತರದ ಒಂದೂವರೆ ಪಟ್ಟಾಗಿ ಮೂಡುತ್ತದೆ. 18 ಎಂಎಂಗೆ ಬಂದರೆ ಈ ಎಳೆತ 1.2 ಪಟ್ಟಿಗೆ ಇಳಿಯುತ್ತದೆ. ಲೆನ್ಸಿಗೆ ಎಷ್ಟೇ ದುಡ್ಡು ಸುರಿದರೂ ಈ ಲೆಕ್ಕ ಬದಲಾಗದು. ಸಾಫ್ಟ್‌ವೇರಿನಲ್ಲಿ ಮುಖ ಸರಿಪಡಿಸಿದರೆ ಹಿಂದಿನ ಗೋಡೆ, ಕಂಬ ಬಾಗುತ್ತವೆ. ಗುಂಪಿನ ಫೋಟೊಗೆ 18 ಎಂಎಂ ಇಟ್ಟು ಹಿಂದೆ ಸರಿಯಿರಿ. ಹಿಂದೆ ಸರಿಯಲು ಜಾಗವಿಲ್ಲದಿದ್ದರೆ ಜನರನ್ನು ಎರಡು ಸಾಲಾಗಿ ನಿಲ್ಲಿಸಿ, ಎರಡೂ ಬದಿಯಲ್ಲಿ ಫ್ರೇಮಿನ ಆರನೇ ಒಂದು ಭಾಗವನ್ನು ಖಾಲಿ ಬಿಡಿ. ಕ್ಯಾಮೆರಾ ಎದೆಯ ಮಟ್ಟದಲ್ಲಿರಲಿ, ಮೇಲಕ್ಕೂ ಕೆಳಕ್ಕೂ ವಾಲದಿರಲಿ.

ರಾ ಫೈಲಿನ ಕಪ್ಪು ಮೂಲೆಗಳಿಗೆ ಗಾಬರಿ ಬೇಡ. ಲೆನ್ಸನ್ನು ಇಷ್ಟು ಪುಟ್ಟದಾಗಿ ಮಾಡಲು ತಯಾರಕರು ಬಾಗುವಿಕೆಯನ್ನೂ ಮೂಲೆಯ ಕತ್ತಲನ್ನೂ ಗಾಜಿನಲ್ಲಿ ಪೂರ್ತಿ ತಿದ್ದದೆ ಕ್ಯಾಮೆರಾದ ಲೆಕ್ಕಾಚಾರಕ್ಕೆ ಬಿಟ್ಟಿರುತ್ತಾರೆ. ಲೆನ್ಸ್ ಪ್ರೊಫೈಲ್ (ಆ ಲೆನ್ಸಿನ ತಿದ್ದುಪಡಿಯ ಲೆಕ್ಕ) ಇಲ್ಲದ ಸಾಫ್ಟ್‌ವೇರ್ ಆ ತಿದ್ದುಪಡಿ ಇಲ್ಲದ ಚಿತ್ರವನ್ನೇ ತೋರಿಸುತ್ತದೆ. ಪ್ರೊಫೈಲ್ ಆನ್ ಮಾಡಿ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ: ಮೂಲೆಗಳನ್ನು ಹಿಗ್ಗಿಸುವುದರಿಂದ ಅಲ್ಲಿ ವಿವರ ತೆಳುವಾಗುತ್ತದೆ, ಬೆಳಕು ಏರಿಸುವುದರಿಂದ ನಾಯ್ಸ್ (ಕಾಳುಕಾಳಾದ ಚುಕ್ಕೆಗಳು) ಹೆಚ್ಚುತ್ತದೆ. ಐಎಸ್ಒ 3200 ದಾಟಿದ ರಾತ್ರಿಯ ಚಿತ್ರಗಳಲ್ಲಿ ಇದು ಎದ್ದು ಕಾಣಬಹುದು. ಆಗ ಮೂಲೆಯ ಬೆಳಕಿನ ತಿದ್ದುಪಡಿಯನ್ನು ಮಾತ್ರ ಅರ್ಧಕ್ಕೆ ಇಳಿಸಿ.

ಪ್ರಶ್ನೆ: ಬೆಟ್ಟ, ಕೆರೆ ಎಲ್ಲವೂ ಫ್ರೇಮಿಗೆ ಬರುತ್ತವೆ, ಆದರೂ ಚಿತ್ರ ಖಾಲಿ ಖಾಲಿ ಅನಿಸುತ್ತದೆ. ಫೋಕಸ್ ಎಲ್ಲಿಡಬೇಕು, ಅಪರ್ಚರ್ ಎಷ್ಟಿರಬೇಕು?

ಉತ್ತರ: ನೀವು ದೂರ ನಿಂತಿದ್ದೀರಿ. 1.7 ಮೀಟರ್ ಎತ್ತರದ ವ್ಯಕ್ತಿ ಅಡ್ಡ ಫ್ರೇಮಿನ ಎತ್ತರ ತುಂಬಬೇಕಾದರೆ 10 ಎಂಎಂನಲ್ಲಿ ಕೇವಲ 1.1 ಮೀಟರ್ ದೂರದಲ್ಲಿರಬೇಕು. 5 ಮೀಟರ್ ಆಚೆ ಹೋದರೆ ಆತ ಫ್ರೇಮಿನ ಎತ್ತರದ ಕಾಲು ಭಾಗವನ್ನೂ ತುಂಬುವುದಿಲ್ಲ. ಬೆಟ್ಟದ ಗತಿ ಕೇಳಲೇಬೇಡಿ. ಈ ಲೆನ್ಸಿಗೆ ಹತ್ತಿರದ ಒಂದು ವಸ್ತು ಬೇಕೇ ಬೇಕು. ಮೊಣಕಾಲೆತ್ತರಕ್ಕೆ ಕೂತು ಒಂದು ಬಂಡೆಯನ್ನೋ ಹುಲ್ಲಿನ ಗುಂಪನ್ನೋ ಅರ್ಧ ಮೀಟರಿನಷ್ಟು ಹತ್ತಿರಕ್ಕೆ ತಂದುಕೊಳ್ಳಿ.

10 ಎಂಎಂ, ಎಫ್/8ರಲ್ಲಿ 70 ಸೆಂ.ಮೀ. ದೂರಕ್ಕೆ ಫೋಕಸ್ ಮಾಡಿದರೆ ಸುಮಾರು 33 ಸೆಂ.ಮೀ.ಯಿಂದ ಇನ್ಫಿನಿಟಿವರೆಗೆ ಒಪ್ಪಬಹುದಾದ ಸ್ಪಷ್ಟತೆ ಸಿಗುತ್ತದೆ. ಆದರೆ ದೊಡ್ಡ ಪ್ರಿಂಟ್ ಮಾಡಿದಾಗ ದೂರದ ಮರಗಳು ಹಿಟ್ಟಿನಂತೆ ಕಾಣಬಹುದು. ನಾವು ಹೇಳುವುದು 1.5 ಮೀಟರ್: ಹತ್ತಿರದ ಮಿತಿ 44 ಸೆಂ.ಮೀ.ಗೆ ಸರಿಯುತ್ತದೆ ಅಷ್ಟೆ, ದೂರದ ವಿವರ ಗಟ್ಟಿಯಾಗುತ್ತದೆ. ಎಫ್/11 ದಾಟಬೇಡಿ. ಎಫ್/16ರಲ್ಲಿ ಬೆಳಕಿನ ವಿವರ್ತನೆಯಿಂದ (ಕಿರಿದಾದ ರಂಧ್ರದಲ್ಲಿ ಬೆಳಕು ಹರಡುವುದರಿಂದ) ಇಡೀ ಚಿತ್ರ ಮೃದುವಾಗುತ್ತದೆ. ಫೋಕಸ್ ಇಟ್ಟ ಮೇಲೆ ಕ್ಯಾಮೆರಾ ಆಫ್ ಮಾಡಿದರೆ ಕೆಲವು ಮಾದರಿಗಳಲ್ಲಿ ಅದು ಅಳಿಸಿಹೋಗುತ್ತದೆ, ಮತ್ತೆ ಆನ್ ಮಾಡಿದಾಗ ಪರೀಕ್ಷಿಸಿಕೊಳ್ಳಿ.

ಪ್ರಶ್ನೆ: ಪೋಲರೈಸರ್ (ಹೊಳಪು ತಗ್ಗಿಸುವ ಫಿಲ್ಟರ್) ಹಾಕಿದರೆ ಆಕಾಶದ ನಡುವೆ ಕಡುನೀಲಿ ಪಟ್ಟೆ ಬರುತ್ತಿದೆ. ಫಿಲ್ಟರ್ ನಕಲಿಯೇ?

ಉತ್ತರ: ಅಲ್ಲ. ಸೂರ್ಯನಿಂದ 90 ಡಿಗ್ರಿ ಪಕ್ಕದಲ್ಲಿರುವ ಆಕಾಶದಲ್ಲಿ ಧ್ರುವೀಕರಣ (ಬೆಳಕಿನ ಅಲೆಗಳು ಒಂದೇ ದಿಕ್ಕಿನಲ್ಲಿ ಕಂಪಿಸುವುದು) ಅತಿ ಹೆಚ್ಚು, ಫಿಲ್ಟರ್ ಆ ಭಾಗವನ್ನೇ ಹೆಚ್ಚು ಕಡುವಾಗಿಸುತ್ತದೆ. ಲೆನ್ಸಿನ ನೋಟವೇ 99 ಡಿಗ್ರಿ ಇದ್ದಾಗ ಆ ಭಾಗವೂ ಅದರ ಅಕ್ಕಪಕ್ಕದ ತಿಳಿ ಭಾಗವೂ ಒಂದೇ ಚಿತ್ರಕ್ಕೆ ಸೇರುತ್ತವೆ. ಫಿಲ್ಟರನ್ನು ಪೂರ್ತಿ ಪರಿಣಾಮದವರೆಗೆ ತಿರುಗಿಸದೆ ಅರ್ಧಕ್ಕೆ ನಿಲ್ಲಿಸಿ, ಇಲ್ಲವೆ 18 ಎಂಎಂಗೆ ಹೋಗಿ. ಆಕಾಶವೇ ಇಲ್ಲದ ಚಿತ್ರಗಳಲ್ಲಿ, ಅಂದರೆ ಒದ್ದೆ ಎಲೆ, ನೀರಿನ ಮೇಲಿನ ಹೊಳಪು ಇಂಥವುಗಳಲ್ಲಿ, ಧಾರಾಳವಾಗಿ ಬಳಸಿ. ತೆಳು ಚೌಕಟ್ಟಿನ ಫಿಲ್ಟರನ್ನೇ ಕೊಳ್ಳಿ, ಒಂದರ ಮೇಲೊಂದು ಎರಡು ಹಾಕಬೇಡಿ. ಚೌಕಟ್ಟು ಮೂಲೆಗೆ ಅಡ್ಡ ಬರುತ್ತದೆಯೇ ಎಂದು ನೋಡಲು 10 ಎಂಎಂನಲ್ಲಿ, ಎಫ್/8 ಅಥವಾ ಎಫ್/11 ಇಟ್ಟು ಬಿಳಿ ಗೋಡೆಯ ಫೋಟೊ ತೆಗೆಯಿರಿ. ಅಪರ್ಚರ್ ತೆರೆದಿದ್ದಾಗ ಮಂಕಾಗಿ ಹರಡುವ ನೆರಳು ಈಗ ಸ್ಪಷ್ಟ ಅಂಚಿನೊಂದಿಗೆ ಸಿಕ್ಕಿಬೀಳುತ್ತದೆ.