ಲಾ ಲೈಬ್ರರಿಗೆ ಹೊರಗಿನವರು ಹೋಗಬಹುದಾ?

ಕಾನೂನು ಪುಸ್ತಕಗಳ ಬಗ್ಗೆ ಬಂದ ಪತ್ರಗಳಿಗೆ ಈ ಸಲ ಉತ್ತರ ಬರೆದವರು ರಾಯಚೂರಿನ ನಿವೃತ್ತ ಗ್ರಂಥಪಾಲಕಿ. ಕಾನೂನು ಕಾಲೇಜೊಂದರ ಲೈಬ್ರರಿಯಲ್ಲಿ ಬಹಳ ವರ್ಷ ಕೆಲಸ ಮಾಡಿದವರು.

ಪ್ರಶ್ನೆ: ನಮ್ಮ ತಾತನ ಕಾಲದ ಹೊಲದ ಕೇಸು ಇನ್ನೂ ನಡೆದಿದೆ. ವಕೀಲರು ಮಾತಿಗೊಮ್ಮೆ ‘1950ರ ಹೈದರಾಬಾದ್ ಟೆನೆನ್ಸಿ (ಗೇಣಿ) ಕಾಯ್ದೆ’ ಅನ್ನುತ್ತಾರೆ. ಅದನ್ನು ನಾನೇ ಒಮ್ಮೆ ಓದಬೇಕು. ಕಾನೂನು ಕಾಲೇಜಿಗೆ ಹೋದರೆ ಗೇಟಿನಲ್ಲೇ ‘ಐಡಿ ಕಾರ್ಡ್ ಎಲ್ಲಿ’ ಅಂದರು. ನಾನು ಓದಿದ್ದು ಪಿಯುಸಿ, ಮಾಡೋದು ಒಕ್ಕಲುತನ. ನಮ್ಮಂಥವರನ್ನು ಒಳಗೆ ಬಿಡುವುದೇ ಇಲ್ಲವಾ? ನಮ್ಮ ರಾಯಚೂರಿನ ವಿಶ್ವವಿದ್ಯಾಲಯಕ್ಕೆ ಹೋಗಿ ಕೇಳಲಾ? (ಓದುಗರು, ಸಿಂಧನೂರು)

ಉತ್ತರ: ಮೊದಲು ಕಹಿ ಮಾತು. ಕಾಲೇಜಿನ ಲೈಬ್ರರಿಗೆ ಹೋಗುವುದು ನಿಮ್ಮ ಹಕ್ಕು ಅಂತ ಹೇಳಲು ಬರುವುದಿಲ್ಲ. ಅದು ಅಲ್ಲಿ ಫೀಸು ಕಟ್ಟಿ ಓದುವ ಹುಡುಗರಿಗೆ, ಪಾಠ ಮಾಡುವವರಿಗೆ ಇರುವುದು. ಜಿಲ್ಲಾ ಕೇಂದ್ರ ಗ್ರಂಥಾಲಯ ಹಾಗಲ್ಲ. ಅದು 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಅಡಿ ನಡೆಯುತ್ತದೆ. ಆಸ್ತಿ ತೆರಿಗೆಯ ಜೊತೆ ಕಟ್ಟುವ ಸೆಸ್‌ನಲ್ಲಿ ಅದರ ಪಾಲೂ ಇರುತ್ತದೆ. ಅಲ್ಲಿ ಯಾರೂ ನಿಮ್ಮನ್ನು ತಡೆಯುವ ಹಾಗಿಲ್ಲ. ಆದರೆ ನಿಮಗೆ ಬೇಕಾದ ಪುಸ್ತಕ ಅಲ್ಲಿ ಸಿಗುವುದು ಕಷ್ಟ.

ಹಕ್ಕಿಲ್ಲ ಅಂದ ಮಾತ್ರಕ್ಕೆ ದಾರಿಯೇ ಇಲ್ಲ ಅಂತಲ್ಲ. ನೀವು ಕೇಳಿದ್ದು ವಾಚ್‌ಮನ್‌ನನ್ನು. ಅವನಿಗೆ ಹೇಳಿರುವುದು ಕಾರ್ಡ್ ನೋಡು ಅಂತ ಮಾತ್ರ, ಪಾಪ. ಒಂದು ಬಿಳಿ ಹಾಳೆಯಲ್ಲಿ ಪ್ರಿನ್ಸಿಪಾಲರಿಗೆ ಅರ್ಜಿ ಬರೆಯಿರಿ. ಹೆಸರು, ಊರು, ಫೋನ್ ನಂಬರ್, ಯಾವ ಪುಸ್ತಕ, ಯಾಕೆ ಬೇಕು, ಅಷ್ಟಿದ್ದರೆ ಸಾಕು. ಜೊತೆಗೆ ಒಂದು ಗುರುತಿನ ಚೀಟಿಯ ಜೆರಾಕ್ಸ್ ಇಡಿ. ಅರ್ಜಿ ನೇರ ಪ್ರಿನ್ಸಿಪಾಲರ ಟೇಬಲ್ಲಿಗೆ ಹೋಗುವ ಮೊದಲು ಗ್ರಂಥಪಾಲಕರಿಗೆ ತೋರಿಸಿ. ‘ಪುಸ್ತಕ ಇದೆ, ಇಲ್ಲೇ ಕೂತು ನೋಡಲಿ’ ಅಂತ ಅವರು ಒಂದು ಮಾತು ಬರೆದರೆ ಪ್ರಿನ್ಸಿಪಾಲರು ಸಾಮಾನ್ಯವಾಗಿ ಸಹಿ ಹಾಕುತ್ತಾರೆ. ನನ್ನ ಕಾಲೇಜಿನಲ್ಲಿ ನಡೆದದ್ದು ಹೀಗೆಯೇ. ಬೇರೆ ಕಡೆ ಒಂದು ದಿನದ ಶುಲ್ಕ ಕೇಳಿದರೆ ರಸೀದಿ ತಗೊಂಡು ಕಟ್ಟಿ.

ಅರ್ಜಿಯಲ್ಲಿ ‘ಕಾನೂನು ಪುಸ್ತಕಗಳನ್ನು ನೋಡಬೇಕು’ ಅಂತ ಬರೆದರೆ ಕೆಲಸ ಕೆಟ್ಟಿತು ಅನ್ನಿ. ಇವನು ದಿನಾ ಬಂದು ಕೂರುವ ಗಿರಾಕಿ ಅಂದುಕೊಳ್ಳುತ್ತಾರೆ. ಪೂರ್ತಿ ಹೆಸರು ಬರೆಯಿರಿ: ಹೈದರಾಬಾದ್ ಟೆನೆನ್ಸಿ ಅಂಡ್ ಅಗ್ರಿಕಲ್ಚರಲ್ ಲ್ಯಾಂಡ್ಸ್ ಆಕ್ಟ್, 1950ರ 21ನೇ ಕಾಯ್ದೆ. ಆಗ ಯಾವ ಗ್ರಂಥಪಾಲಕರಿಗೂ ಕಿವಿ ನೆಟ್ಟಗಾಗುತ್ತದೆ. ಪರೀಕ್ಷೆ ನಡೆಯುವ ದಿನಗಳಲ್ಲಿ ಮಾತ್ರ ಹೋಗಬೇಡಿ. ಕುರ್ಚಿಯೂ ಸಿಗುವುದಿಲ್ಲ, ನಗುಮುಖವೂ ಸಿಗುವುದಿಲ್ಲ. ಚೀಲ ಹೊರಗಿಡಬೇಕು, ಪುಸ್ತಕ ಮನೆಗೆ ಕೊಡುವುದಿಲ್ಲ. ಲೈಬ್ರರಿಯ ಕಂಪ್ಯೂಟರಿನಲ್ಲಿ ತೀರ್ಪು ಹುಡುಕುವ ಚಂದಾ ತಾಣಗಳಾದ ಮನುಪಾತ್ರ, ಎಸ್‌ಸಿಸಿ ಆನ್‌ಲೈನ್ ಇದ್ದರೂ ನಿಮಗೆ ತೆರೆದು ಕೊಡದೇ ಇರಬಹುದು. ಚಂದಾ ಕರಾರಿನಲ್ಲಿ ಸಾಮಾನ್ಯವಾಗಿ ‘ವಿದ್ಯಾರ್ಥಿ, ಅಧ್ಯಾಪಕರಿಗೆ ಮಾತ್ರ’ ಅಂತ ಇರುತ್ತದೆ. ಅದಕ್ಕೆ ಸಿಟ್ಟಾಗಬೇಡಿ.

ವಿಶ್ವವಿದ್ಯಾಲಯದ ಮಾತು. ನಮ್ಮ ರಾಜ್ಯದ ಕಾನೂನು ಕಾಲೇಜುಗಳನ್ನು ನೋಡಿಕೊಳ್ಳುವುದು ಹುಬ್ಬಳ್ಳಿಯ ನವನಗರದಲ್ಲಿರುವ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ. ಶುರುವಾದದ್ದು 2009ರಲ್ಲಿ. ಕೊಪ್ಪಳ, ಬಳ್ಳಾರಿಯವರಿಗೆ ಹುಬ್ಬಳ್ಳಿಗೆ ನೇರ ರೈಲಿದೆ, 2024ರಿಂದ ನಿಮ್ಮ ಸಿಂಧನೂರಿನಿಂದಲೂ ಇದೆ. ಆದರೂ ಅಷ್ಟು ದೂರ ಹೋಗುವ ಮೊದಲು ರಾಯಚೂರಿನ ಕಾಲೇಜನ್ನೇ ಇನ್ನೊಮ್ಮೆ ಕೇಳಿ ನೋಡಿ. ನಿಜಾಮರ ಸೀಮೆಯ ಹಳೇ ಕಾಯ್ದೆ ನಮ್ಮ ಊರಿನ ಹಳೇ ಬೀರುಗಳಲ್ಲೇ ಸಿಗುವ ಸಾಧ್ಯತೆ ಜಾಸ್ತಿ.

ಇನ್ನೊಂದು ದಾರಿಯೂ ಇದೆ. 1961ರ ಭೂ ಸುಧಾರಣಾ ಕಾಯ್ದೆ 1965ರ ಅಕ್ಟೋಬರ್ 2ರಂದು ಜಾರಿಗೆ ಬಂದಾಗ ನಮ್ಮ ಕಡೆ ಆ ಹೈದರಾಬಾದ್ ಕಾಯ್ದೆ ಹೋಯಿತು. ತೆಲಂಗಾಣದಲ್ಲಿ, ಮಹಾರಾಷ್ಟ್ರದ ಮರಾಠವಾಡದಲ್ಲಿ ಅದು ಇನ್ನೂ ಬದುಕಿದೆ. ಹಾಗಾಗಿ ಹೈದರಾಬಾದಿನ ಕಾನೂನು ಪುಸ್ತಕದ ಅಂಗಡಿಯಲ್ಲಿ ಹೊಸ ಪ್ರತಿಯೇ ಸಿಗುತ್ತದೆ. ಆದರೆ ಹುಷಾರು. 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಬಂದೆವು. ಆಮೇಲೆ ಆಂಧ್ರದವರು ಮಾಡಿಕೊಂಡ ತಿದ್ದುಪಡಿ ನಮ್ಮ ಹೊಲಕ್ಕೆ ಹತ್ತುವುದಿಲ್ಲ. ಪ್ರತಿ ಕಲಮಿನ ಕೆಳಗೆ ಸಣ್ಣ ಅಕ್ಷರದಲ್ಲಿ ತಿದ್ದುಪಡಿಯ ವರ್ಷ ಇರುತ್ತದೆ. ಅದನ್ನು ಬಿಡದೆ ನೋಡಿ.

ಲೈಬ್ರರಿಯಲ್ಲಿ ಕಾಯ್ದೆ ಸಿಗುತ್ತದೆ, ನಿಮ್ಮ ತಾತನ ಹೆಸರು ಸಿಗುವುದಿಲ್ಲ. ‘ರಕ್ಷಿತ ಗೇಣಿದಾರ’ ಅಂತ ಅವರ ಹೆಸರು ಬಿದ್ದಿದೆಯಾ, ಖಾಸ್ರಾ ಪಹಣಿಯಲ್ಲಿ ಏನಿದೆ, ಇವೆಲ್ಲ ಕಂದಾಯ ಇಲಾಖೆಯ ರೆಕಾರ್ಡ್ ರೂಮಿನ ವ್ಯವಹಾರ. ಅದರಲ್ಲಿ ಉರ್ದು ಹಾಳೆಗಳಿದ್ದರೆ ಓದಿ ಹೇಳುವವರನ್ನು ಮೊದಲೇ ಗೊತ್ತು ಮಾಡಿಕೊಂಡು ಹೋಗಿ.

ಪ್ರಶ್ನೆ: ನನ್ನ ಮದುವೆ 1991ರಲ್ಲಿ ಆಯಿತು. ತವರಿನ ಆಸ್ತಿಯಲ್ಲಿ ಪಾಲು ಕೇಳಿದ್ದೇನೆ. ವಕೀಲರು ಒಂದು ಚೀಟಿಯಲ್ಲಿ ‘(2020) 9 ಎಸ್‌ಸಿಸಿ 1’ ಅಂತ ಬರೆದು ಕೊಟ್ಟರು. ಅದನ್ನು ಹಿಡಿದುಕೊಂಡು ಲೈಬ್ರರಿಗೆ ಹೋದೆ. ಅಲ್ಲಿಯವರು ಬೇರೆ ಯಾವುದೋ ಪುಸ್ತಕ ಕೊಟ್ಟರು. ಅದರಲ್ಲಿ 1994ಕ್ಕಿಂತ ಮೊದಲು ಮದುವೆಯಾದ ಹೆಣ್ಣುಮಕ್ಕಳಿಗೆ ಇಲ್ಲ ಅಂತಿದೆ. ‘ಹಾಗಾದರೆ ನನಗೆ ಬರುವುದಿಲ್ಲವಾ’ ಅಂದರೆ ‘ನಾವು ಹೇಳುವ ಹಾಗಿಲ್ಲ’ ಅಂದುಬಿಟ್ಟರು. ಮತ್ತೆ ಅವರು ಅಲ್ಲಿ ಇರುವುದು ಯಾತಕ್ಕೆ? (ಓದುಗರು, ಬಳ್ಳಾರಿ)

ಉತ್ತರ: ತಂಗಿ, ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೂ ಅವರು ಹೇಳದೆ ಇದ್ದದ್ದು ಸರಿ. ಪುಸ್ತಕ ತೆಗೆದುಕೊಡುವುದು, ಪುಟ ತೋರಿಸುವುದು, ಸೂಚಿಯಲ್ಲಿ ಹುಡುಕುವುದನ್ನು ಕಲಿಸುವುದು ನಮ್ಮ ಕೆಲಸ. ಪಾಲು ಬರುತ್ತದೋ ಇಲ್ಲವೋ ಅನ್ನುವುದು ವಕೀಲರ ಕೆಲಸ. ನಿಮ್ಮ ಕಾಗದ ಪತ್ರ ನೋಡದೆ ನಾವು ‘ಬರುತ್ತದೆ ಬಿಡಿ’ ಅಂದು, ನಾಳೆ ಬರದೆ ಹೋದರೆ? ಆ ಮಾತನ್ನು ನಂಬಿ ವಾಯಿದೆ ತಪ್ಪಿಸಿಕೊಂಡರೆ?

ಆದರೆ ಪುಸ್ತಕದ ವಿಷಯಕ್ಕೆ ನಾನು ಮಾತಾಡಬಹುದು, ಅಲ್ವಾ? ನಿಮ್ಮ ಕೈಗೆ ಬಂದದ್ದು ಹಳೇ ಆವೃತ್ತಿ ಇರಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ ತನ್ನದೇ ತಿದ್ದುಪಡಿ ಮಾಡಿ 1994ರ ಜುಲೈ 30ರಿಂದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಕೊಟ್ಟಿತು. ಅದಕ್ಕೂ ಮೊದಲು ಮದುವೆಯಾದವರನ್ನು ಹೊರಗಿಟ್ಟಿತು. ನೀವು ಓದಿದ್ದು ಇದನ್ನೇ. ಆಮೇಲೆ ಪಾರ್ಲಿಮೆಂಟ್ 2005ರಲ್ಲಿ ಇಡೀ ದೇಶಕ್ಕೆ ಕಾನೂನು ಬದಲಿಸಿತು. ಆ ವರ್ಷ ಸೆಪ್ಟೆಂಬರ್ 9ಕ್ಕೆ ಅದು ಜಾರಿಗೆ ಬಂತು. ಅದರಲ್ಲಿ ಮದುವೆಯ ಆ ಷರತ್ತು ಇಲ್ಲ. 2004ರ ಡಿಸೆಂಬರ್ 20ಕ್ಕಿಂತ ಮೊದಲೇ ಆಗಿಹೋದ ವಿಭಾಗ, ಮಾರಾಟಗಳನ್ನು ಮಾತ್ರ ಅದು ಮುಟ್ಟುವುದಿಲ್ಲ. ಕಾನೂನು ಪುಸ್ತಕ ತೆರೆದ ಕೂಡಲೇ ಒಳಗಿನ ಮೊದಲ ಹಾಳೆಯಲ್ಲಿ ಅಚ್ಚಾದ ವರ್ಷ ನೋಡಿ. ಹಳೇ ಪುಸ್ತಕವನ್ನು ಕೈಗೆ ಕೊಡುವಾಗ ‘ಇದು ಹಳೇದು’ ಅಂತ ಹೇಳಬೇಕಾದವರು ಗ್ರಂಥಪಾಲಕರೇ. ಅಷ್ಟರ ಮಟ್ಟಿಗೆ ನಿಮ್ಮ ಸಿಟ್ಟು ನ್ಯಾಯವಾದದ್ದು.

ಆ ಚೀಟಿಯ ಗುಟ್ಟು ದೊಡ್ಡದೇನಲ್ಲ. ಎಸ್‌ಸಿಸಿ ಅಂದರೆ ಸುಪ್ರೀಂ ಕೋರ್ಟ್ ತೀರ್ಪುಗಳನ್ನು ಅಚ್ಚು ಹಾಕುವ ಒಂದು ಮಾಲೆ. 2020ನೇ ಇಸವಿಯ 9ನೇ ಸಂಪುಟ, 1ನೇ ಪುಟ. ಅಲ್ಲಿರುವುದು ವಿನೀತಾ ಶರ್ಮಾ ಕೇಸಿನ ತೀರ್ಪು, 2020ರ ಆಗಸ್ಟ್ 11ರದ್ದು. ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ, 2005ರಲ್ಲಿ ತಂದೆ ಬದುಕಿರಲೇಬೇಕು ಅಂತಿಲ್ಲ ಅಂದದ್ದು ಇದರಲ್ಲೇ. ಲೈಬ್ರರಿಗೆ ಮತ್ತೆ ಹೋಗಬೇಕಾಗಿಲ್ಲ. ಸುಪ್ರೀಂ ಕೋರ್ಟಿನ ‘ಇ-ಎಸ್‌ಸಿಆರ್’ ತಾಣದಲ್ಲಿ 2023ರಿಂದ ತೀರ್ಪುಗಳು ಪುಕ್ಕಟೆ ಸಿಗುತ್ತವೆ. ಕೆಲವು ಕನ್ನಡದಲ್ಲೂ ಇವೆ.

ನಿಮ್ಮ ಪ್ರಶ್ನೆಗೆ ಇನ್ನೊಬ್ಬ ವಕೀಲರ ಮಾತು ಬೇಕು ಅನ್ನಿಸಿದರೆ ಬಳ್ಳಾರಿ ಕೋರ್ಟಿನಲ್ಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಹೆಣ್ಣುಮಕ್ಕಳಿಗೆ ಅಲ್ಲಿ ಆದಾಯದ ಮಿತಿ ಇಲ್ಲದೆ ಉಚಿತ ಸಹಾಯ ಸಿಗುತ್ತದೆ. ಸಹಾಯವಾಣಿ 15100.

ಪ್ರಶ್ನೆ: ಲಾ ಲೈಬ್ರರಿಯಲ್ಲಿ ದಪ್ಪ ಪುಸ್ತಕ ಪೂರ್ತಿ ಜೆರಾಕ್ಸ್ ಮಾಡಿಕೊಡಿ ಅಂದರೆ ಕೊಡಲಿಲ್ಲ. ಕಾನೂನು ಎಲ್ಲರದ್ದೂ ಅಲ್ಲವಾ? (ಓದುಗರು, ಗಂಗಾವತಿ)

ಉತ್ತರ: ಕಾನೂನು ಎಲ್ಲರದ್ದೇ. ಅದರ ಮೇಲೆ ಬರೆದ ಪುಸ್ತಕ ಬರೆದವರದ್ದು. ಕೋರ್ಟಿನ ತೀರ್ಪನ್ನು ಯಾರು ಬೇಕಾದರೂ ನಕಲು ಮಾಡಬಹುದು, 1957ರ ಕಾಪಿರೈಟ್ ಕಾಯ್ದೆಯೇ ಹಾಗೆ ಹೇಳುತ್ತದೆ. ಪ್ರಕಾಶಕರು ತೀರ್ಪಿನ ಮೇಲೆ ಬರೆಸಿ ಹಾಕುವ ಸಾರಾಂಶ, ವ್ಯಾಖ್ಯಾನ ಅವರ ಸ್ವತ್ತು. ಬೇಕಾದ ನಾಲ್ಕು ಪುಟ ಕೇಳಿ, ಕೊಡುತ್ತಾರೆ.

ಪ್ರಶ್ನೆ: ಪಿಎಸ್‌ಐ ಪರೀಕ್ಷೆಗೆ ಓದುತ್ತಿದ್ದೇನೆ. ಲಾ ಕಾಲೇಜಿನ ಲೈಬ್ರರಿ ತಣ್ಣಗೆ, ಶಾಂತವಾಗಿ ಇರುತ್ತದೆ. ದಿನಾ ಹೋಗಿ ಕೂರಬಹುದಾ? (ಓದುಗರು, ಕುಷ್ಟಗಿ)

ಉತ್ತರ: ಬೇಡ. ಫ್ಯಾನಿನ ಕೆಳಗಿನ ಕುರ್ಚಿಗೆ ಅಲ್ಲಿಯ ಹುಡುಗರೇ ಜಗಳ ಆಡುತ್ತಾರೆ. ಊರಿನ ಸಾರ್ವಜನಿಕ ಗ್ರಂಥಾಲಯ ಇರುವುದೇ ನಿಮಗಾಗಿ. ಕಾಯ್ದೆ ಓದುವಾಗ ಹಳೇ ಐಪಿಸಿಯ ಬದಲು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯನ್ನೇ ಓದಿ. ‘ಇಂಡಿಯಾ ಕೋಡ್’ ತಾಣದಲ್ಲಿ ಸುಮ್ನೆ ಇಳಿಸಿಕೊಳ್ಳಬಹುದು.

ಪ್ರಶ್ನೆ: ನಮ್ಮ ಮಾವನವರು ವಕೀಲರಾಗಿದ್ದರು, ತೀರಿಕೊಂಡರು. ಎರಡು ಬೀರು ತುಂಬ ಕಾನೂನು ಪುಸ್ತಕಗಳಿವೆ. ಕಾಲೇಜಿಗೆ ಕೊಡೋಣ ಅಂದರೆ ಅವರಿಗೆ ಉತ್ಸಾಹವೇ ಇಲ್ಲ. ರದ್ದಿಗೆ ಹಾಕಲು ಮನಸ್ಸು ಬರುವುದಿಲ್ಲ. (ಓದುಗರು, ಮಾನ್ವಿ)

ಉತ್ತರ: ಉತ್ಸಾಹ ಇಲ್ಲದಿರಲು ಕಾರಣ ಎಐಆರ್ (ಆಲ್ ಇಂಡಿಯಾ ರಿಪೋರ್ಟರ್) ಅನ್ನುವ ತೀರ್ಪು ಮಾಲೆಯ ಸಂಪುಟಗಳು. ಆ ಕೆಂಪು, ಕಪ್ಪು ಬೈಂಡು ಪ್ರತಿ ಹಿರಿಯ ವಕೀಲರ ಮನೆಯಲ್ಲೂ ಇತ್ತು, ಪ್ರತಿ ಕಾಲೇಜಿನಲ್ಲೂ ಇದೆ. ಇಡಲು ಜಾಗವಿಲ್ಲ. ಈಗ ಅದೆಲ್ಲ ಕಂಪ್ಯೂಟರಿನಲ್ಲಿ ಸಿಗುತ್ತದೆ ಕೂಡ.

ನೀವು ಹುಡುಕಬೇಕಾದದ್ದು ಬೀರುವಿನ ಕೆಳಗಿನ ಖಾನೆಯಲ್ಲಿ. ಹೈದರಾಬಾದ್ ಸರ್ಕಾರದ ಕಾಯ್ದೆಗಳು, ಇನಾಂ ರದ್ದಿಯಾತಿಯ ಪುಸ್ತಕ, ಉರ್ದು ಗೆಜೆಟ್, ಜಾಗೀರಿನ ಕಾಗದ, ಇಂಥವು ಇದ್ದರೆ ಒಂದನ್ನೂ ಬಿಸಾಡಬೇಡಿ. ಬಳ್ಳಾರಿ ಕಡೆಯವರಿಗೂ ಇದೇ ಮಾತು. 1953ರ ಅಕ್ಟೋಬರ್‌ವರೆಗೆ ಆ ಜಿಲ್ಲೆ ಮದ್ರಾಸಿನಲ್ಲಿತ್ತು. ಸಂಡೂರು 1949ರ ತನಕ ಬೇರೆಯೇ ಸಂಸ್ಥಾನ. ಆ ಹಳೇ ಕಾಯ್ದೆಗಳ ಪ್ರತಿ ಈಗ ಕೇಳಿದ ಕೂಡಲೇ ಸಿಗುವುದಿಲ್ಲ. ಸಿಂಧನೂರಿನವರ ಪತ್ರ ಮೇಲೆ ಓದಿದಿರಲ್ಲ, ಅಂಥವರು ಹುಡುಕುವುದು ಇದನ್ನೇ.

ಮೊದಲು ಪುಸ್ತಕದ ಹೆಸರು, ವರ್ಷದ ಪಟ್ಟಿ ಮಾಡಿ ಗ್ರಂಥಪಾಲಕರಿಗೆ ಕಳಿಸಿ. ಯಾವುದು ಬೇಕು ಅಂತ ಅವರೇ ಗುರುತು ಹಾಕಿ ಕೊಡಲಿ. ಗೆದ್ದಲು ಹತ್ತಿದ್ದನ್ನು ಬೇರೆ ಇಡಿ. ಅದು ಅಲ್ಲಿಯ ಬೀರುವಿಗೂ ಹತ್ತುತ್ತದೆ.