ಹಸಿರು ಚುಕ್ಕೆಗೆ ಹೆದರಿ ಊಟ ಬಿಡುವುದೇ?

ಸಾಗರದ ಹತ್ತಿರದ ಹಳ್ಳಿಯಿಂದ ಬರೆದಿದ್ದೀರಿ. ಕೆಲಸ ಬೆಂಗಳೂರಿನ ಕಂಪನಿಯದು. ತಿಂಗಳಿಗೊಂದು ವಾರ ತಾಳಗುಪ್ಪ ರೈಲು ಹಿಡಿದು ಆಫೀಸಿಗೆ ಹೋಗುತ್ತೀರಿ, ಉಳಿದ ದಿನ ಮನೆಯಿಂದಲೇ. 'ಊರಲ್ಲೇ ಕೂತು ಸಂಬಳ, ಅದೃಷ್ಟವಂತೆ ಅಂತಾರೆ ಎಲ್ಲರೂ. ನನಗೆ ರಾತ್ರಿ ನಿದ್ದೆಯೇ ಇಲ್ಲ. ನಾನು ಸೋಮಾರಿಯೇ?' ಎಂದು ಕೇಳಿದ್ದೀರಿ.

ಅಲ್ಲ. ಸೋಮಾರಿಗಳಿಗೆ ನಿದ್ದೆ ಚೆನ್ನಾಗಿಯೇ ಬರುತ್ತದೆ ಬಿಡಿ.

ನಿಮ್ಮ ಪತ್ರದಲ್ಲಿ ಆಷಾಢದ ಒಂದು ಮಧ್ಯಾಹ್ನದ ಮಾತಿದೆ. ಎಲ್ಲೋ ಮರ ಬಿದ್ದು ಕರೆಂಟ್ ಹೋಯಿತು. ಯುಪಿಎಸ್ ಕೂಗಿ ಕೂಗಿ ಸುಮ್ಮನಾಯಿತು, ನೆಟ್‌ವರ್ಕೂ ಹೋಯಿತು. ಕೊಡೆ ಹಿಡಿದು ಗುಡ್ಡ ಹತ್ತಿ, ಸಿಗ್ನಲ್ ಒಂದು ಕಡ್ಡಿ ಬಂದಲ್ಲಿ ನಿಂತು 'ಕರೆಂಟ್ ಇಲ್ಲ, ಸಂಜೆ ಮುಗಿಸುತ್ತೇನೆ' ಎಂದು ಮೆಸೇಜ್ ಹಾಕಿದಿರಿ. ಆಮೇಲೆ ರಾತ್ರಿ ಹನ್ನೊಂದರವರೆಗೆ ಕೂತಿರಿ. ಅಂದಿನಿಂದ, ಆನ್‌ಲೈನ್ ಇದ್ದೀರೆಂದು ತೋರಿಸುವ ಚಾಟ್‌ನ ಹಸಿರು ಚುಕ್ಕೆ ಆರಬಾರದೆಂದು ಲ್ಯಾಪ್‌ಟಾಪ್ ಊಟದ ತಟ್ಟೆಯ ಪಕ್ಕಕ್ಕೇ ಬಂದಿದೆ. ಅಮ್ಮ ಬಡಿಸಿದ ಪತ್ರೊಡೆ ಆರಿ ಹೋಗುತ್ತದೆ. ಮಳೆ ಸ್ವಲ್ಪ ಹೊಳವಾದಾಗ ಮರ ಹತ್ತುವ ಕೊನೆಗಾರರಿಂದ ಅಡಿಕೆಗೆ ಔಷಧಿ ಹೊಡೆಸುತ್ತಿರುವ ಅಪ್ಪ, 'ಮನೇಲೇ ಇದೀಯಲ್ಲ, ಕೊನೆಗಾರರಿಗೆ ಚಾ ಕೊಡು' ಅಂದರೆ ಸಿಟ್ಟು. ಸಿಟ್ಟು ಮಾಡಿದ್ದಕ್ಕೆ ಅಳು.

2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬರ್ನ್‌ಔಟ್ ಬಗ್ಗೆ ಹೇಳಿದ್ದು ಇಷ್ಟು: ಅದು ರೋಗವಲ್ಲ, ಕೆಲಸದ ಒತ್ತಡವನ್ನು ಸರಿಯಾಗಿ ನಿಭಾಯಿಸದೆ ಬಹಳ ಕಾಲ ಬಿಟ್ಟರೆ ಆಗುವ ದಣಿವು. ಅಂದ ಮೇಲೆ ಮದ್ದೂ ಕೆಲಸದಲ್ಲೇ ಆಗಬೇಕು. ನಿಮ್ಮ ಕಂಪನಿ ಶನಿವಾರ ಬೆಳಿಗ್ಗೆ ಆನ್‌ಲೈನ್ ಯೋಗ ಇಟ್ಟಿದೆಯಂತೆ. ಯೋಗ ಒಳ್ಳೆಯದೇ. ರಜೆಯ ಬೆಳಿಗ್ಗೆಯನ್ನೂ ಕಿತ್ತುಕೊಂಡು ನೆಮ್ಮದಿ ಹಂಚುವುದು ತಮಾಷೆ ಅಲ್ವಾ?

ಹಾಗಂತ ಮನೆಯಿಂದ ಕೆಲಸ ಮಾಡುವುದೇ ತಪ್ಪು ಎಂದು ಬೆಂಗಳೂರಿಗೆ ಗಂಟುಮೂಟೆ ಕಟ್ಟಬೇಡಿ. ಚೀನಾದ ಟ್ರಿಪ್.ಕಾಮ್ ಕಂಪನಿಯಲ್ಲಿ 1,600ಕ್ಕೂ ಹೆಚ್ಚು ನೌಕರರ ಮೇಲೆ ನಡೆದ ಅಧ್ಯಯನ 2024ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಮಾಡಿದವರಲ್ಲಿ ಕೆಲಸ ಬಿಡುವವರು ಮೂರನೇ ಒಂದು ಭಾಗ ಕಡಿಮೆಯಾದರು. ಕೆಲಸವೇನೂ ಕೆಡಲಿಲ್ಲ. ಇದನ್ನು ನಿಮ್ಮ ಮ್ಯಾನೇಜರ್‌ಗೂ ತೋರಿಸಿ.

ಜೊತೆಗೆ ಒಂದು ಮೇಲ್ ಹಾಕಿ. ಮಲೆನಾಡಿನ ಮಳೆ ಹೇಳದೆ ಬರುವ ನೆಂಟ ಅಲ್ಲ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದ್ದೇ ಇರುತ್ತದೆ. ಕರೆಂಟ್ ಹೋದರೆ ಯಾರಿಗೆ ತಿಳಿಸಬೇಕು, ಆ ಕೆಲಸವನ್ನು ಯಾರು ನೋಡಿಕೊಳ್ಳುತ್ತಾರೆ, ಸಂಜೆ ಎಷ್ಟಕ್ಕೆ ಲಾಗ್‌ಔಟ್, ಇವನ್ನು ಈಗಲೇ ಬರಹದಲ್ಲಿ ಪಡೆಯಿರಿ. ಹೋದ ಗಂಟೆಗಳನ್ನು ರಾತ್ರಿ ತುಂಬಿಕೊಡುವ ಕರಾರು ಮಾತ್ರ ಒಪ್ಪಬೇಡಿ. ಅಪ್ಪನಿಗೂ ಮೀಟಿಂಗ್ ಯಾವ ಹೊತ್ತಿಗೆ ಎಂದು ಬೆಳಿಗ್ಗೆಯೇ ಹೇಳಿಬಿಡಿ. ಔಷಧಿ ಹೊಡೆಸಲು ಹೊಳವು ಕಾಯುವವರಿಗೆ ಹೊತ್ತಿನ ಬೆಲೆ ಗೊತ್ತಿರುತ್ತದೆ.

ನಿದ್ದೆಯ ವಿಷಯ ಮಾತ್ರ ಮೇಲ್‌ನಿಂದ ಬಗೆಹರಿಯುವವರೆಗೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನೆಟ್‌ವರ್ಕ್ ಇರುವಾಗಲೇ ಮಾಡಿಬಿಡಿ.

—ಸಂಪಾದಕ