ಮೊಬೈಲ್ ಕಸಿದುಕೊಂಡರೆ ನಂಬಿಕೆ ಬರುವುದೇ?

ಪೀಣ್ಯದ ಬಿಡಿಭಾಗಗಳ ಕಾರ್ಖಾನೆಯೊಂದರ ವ್ಯವಸ್ಥಾಪಕರು ಬರೆದಿದ್ದಾರೆ: “ಹಾಜರಿ, ರಜೆ, ಉತ್ಪಾದನೆಯ ಲೆಕ್ಕ ಎಲ್ಲವನ್ನೂ ಹೊಸ ಆ್ಯಪ್‌ಗೆ ತಂದೆವು. ಬಿಡುವು ಸಿಕ್ಕರೆ ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಮ್ ನೋಡುವ ನೌಕರರೇ ಇದನ್ನು ನಂಬುತ್ತಿಲ್ಲ. ಹಾಜರಿ ಯಂತ್ರ ಬೆರಳಿನ ಗುರುತು ಓದದೆ ಸಂಬಳ ಕಡಿತವಾಯಿತೆಂದು ದೂರುತ್ತಾರೆ. ಮೇಲ್ವಿಚಾರಕರಿಗಷ್ಟೇ ಈ ಆ್ಯಪ್‌ನಿಂದ ವಿನಾಯಿತಿ. ಇನ್ನು ಮೊಬೈಲ್ ನಿಷೇಧಿಸಿ, ನೌಕರರ ಸಾಮಾಜಿಕ ಜಾಲತಾಣದ ಖಾತೆಗಳ ಮೇಲೂ ಕಣ್ಣಿಡಬೇಕೆಂದಿದ್ದೇವೆ. ಸರಿಯೇ?”

ಲೇತ್ ಯಂತ್ರದ ಮುಂದೆ ನಿಂತವರ ಕೈಯಲ್ಲಿ ಮೊಬೈಲ್ ಇರಬಾರದು, ಎರಡು ಮಾತಿಲ್ಲ. ಅದು ಸುರಕ್ಷತೆಯ ವಿಷಯ. ಅಪನಂಬಿಕೆಗೆ ಮಾತ್ರ ಅದು ಮದ್ದಲ್ಲ.

ಮೊಬೈಲಿನಲ್ಲಿ ಪಳಗಿದವರೇ ಅನುಮಾನಿಸುತ್ತಾರಲ್ಲ ಎಂದು ನಿಮಗೆ ಆಶ್ಚರ್ಯ. ನನಗದು ಸಹಜವೆನಿಸುತ್ತದೆ. ಕಳುಹಿಸಿದ ಮಾತಿಗೆ ಎರಡು ನೀಲಿ ಗೀಟು ಬಿದ್ದದ್ದನ್ನು ದಿನವೂ ನೋಡುವವರು, ತಮ್ಮ ರಜೆ ಅರ್ಜಿ ಯಾರ ಮುಂದಿದೆ ಎಂದೇ ತೋರಿಸದ ಆ್ಯಪನ್ನು ಹೇಗೆ ನಂಬಬೇಕು? ಅವರ ಅನುಮಾನ ಅದನ್ನು ತಂದವರ ಮೇಲಿದೆ.

ಪತ್ರದೊಂದಿಗೆ ಕಾರ್ಖಾನೆಯ ವಾಟ್ಸ್‌ಆ್ಯಪ್ ಗುಂಪಿನ ಚಿತ್ರವನ್ನೂ ಕಳುಹಿಸಿದ್ದೀರಿ. ಒಂದರ ಹಿಂದೊಂದು ಸುತ್ತೋಲೆ. ಕೆಳಗೆ, ಅಡ್ಮಿನ್‌ಗಳು ಮಾತ್ರ ಸಂದೇಶ ಕಳುಹಿಸಬಹುದು ಎಂಬ ಸಾಲು. ಯಂತ್ರ ತಣಿಸುವ ಕೂಲೆಂಟ್ ದ್ರವ, ಎಣ್ಣೆಯಲ್ಲಿ ಸವೆದ ಬೆರಳನ್ನು ಯಂತ್ರ ಓದದೆ ಅರ್ಧ ದಿನದ ಸಂಬಳ ಹೋದವರು ಎಲ್ಲಿ ಹೇಳಿಕೊಳ್ಳಬೇಕು? ತಮ್ಮದೇ ಇನ್ನೊಂದು ಗುಂಪಿನಲ್ಲಿ ಹೇಳಿಕೊಳ್ಳುತ್ತಾರೆ. ಆ ದೂರು ನಿಮ್ಮ ಕಣ್ಣೆದುರೇ ಬಂದು, ನೀವು ಉತ್ತರಿಸಿ, ಮರುದಿನ ಸರಿಪಡಿಸಿದರೆ ಆ ಸುದ್ದಿಯೂ ಅಷ್ಟೇ ಬೇಗ ಹರಡುತ್ತದೆ.

ವಿನಾಯಿತಿಯನ್ನಂತೂ ಮೊದಲು ತೆಗೆಯಿರಿ. ಜನರಲ್ ಎಲೆಕ್ಟ್ರಿಕ್ ಮುಖ್ಯಸ್ಥ ಜಾಕ್ ವೆಲ್ಚ್ 1999ರಲ್ಲಿ ತಮ್ಮ 500 ಹಿರಿಯ ಅಧಿಕಾರಿಗಳನ್ನು ಇಂಟರ್ನೆಟ್ ಕಲಿಯಲು ಕಿರಿಯರ ಬಳಿ ಕಳುಹಿಸಿದರು; ತಾವೂ ಕಲಿಯಲು ಕುಳಿತರು. ನಿಮ್ಮಲ್ಲಿ ಮೇಲ್ವಿಚಾರಕರೇ ಆ್ಯಪನ್ನು ಮುಟ್ಟುವುದಿಲ್ಲ ಎಂದರೆ ಕೆಳಗಿನವರು ಏನೆಂದುಕೊಳ್ಳಬೇಕು?

ಖಾತೆಗಳ ಮೇಲೆ ಕಣ್ಣಿಡುವುದು ಬೇಡವೇ ಬೇಡ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಸಾರಿತು. ಆ ಮೊಕದ್ದಮೆಯ ಅರ್ಜಿದಾರರು ನಮ್ಮ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಬೆಂಗಳೂರಿನಲ್ಲೇ ನೆಲೆಸಿದ್ದ ಹಿರಿಯರು ಎಂಬುದು ನನಗೆ ಹೆಮ್ಮೆ. ತೀರ್ಪು ಮುಖ್ಯವಾಗಿ ಸರ್ಕಾರವನ್ನು ಕುರಿತದ್ದು ನಿಜ. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಯಲ್ಲಿ ಖಾಸಗಿ ಕಂಪನಿಗಳೂ ಇವೆ. ಕಾನೂನು ಹಾಗಿರಲಿ, ಒಬ್ಬರ ಫೇಸ್‌ಬುಕ್ ಬರಹ ನೋಡಿ ಮೆಮೊ ಕೊಟ್ಟಿರೆಂದರೆ ಸಂಜೆಯೊಳಗೆ ಇಡೀ ಪಾಳಿಗೆ ಗೊತ್ತಾಗುತ್ತದೆ. ಆಮೇಲೆ ಹಾಜರಿಗೆ ಬೆರಳಿಡುವಾಗಲೂ ಇದು ತಮ್ಮನ್ನು ಹಿಡಿಯಲು ಒಡ್ಡಿದ ಬಲೆ ಎಂದೇ ಭಾವಿಸುತ್ತಾರೆ.

ಗುಂಪಿನಲ್ಲಿ ಎಲ್ಲರಿಗೂ ಬರೆಯಲು ಬಿಡಿ. ಮೊದಲು ಬರುವುದು ಸಂಬಳ ಕಡಿತದ ದೂರೇ; ಬರಲಿ. ಉತ್ತರಿಸುವ ಹೊಣೆಯನ್ನು ಒಬ್ಬರಿಗೆ ಒಪ್ಪಿಸಿ ಅವರ ಹೆಸರನ್ನು ಎಲ್ಲರಿಗೂ ತಿಳಿಸಿ. ತಪ್ಪಾಗಿ ಹಿಡಿದ ಹಣ ಮುಂದಿನ ಸಂಬಳದಲ್ಲೇ ಅವರ ಕೈ ಸೇರಲಿ.

— ಸಂಪಾದಕ